ಬುಡ ಬುಡಬ್ಯಾಡ

"ಹೋಗಲ್ಲ ಕಣೇ. ನೀನು ಎಷ್ಟು ತಳ್ಳಿದ್ರೂ ಹೋಗಲ್ಲ," ಎಂದಳು ಪಕ್ಕದ ಮನೆಯ ಅಕ್ಷತಾ.

ಭೂಮಿಕಾ ರಟ್ಟಿನ ಪೆಟ್ಟಿಗೆಯನ್ನು ಮತ್ತೊಮ್ಮೆ ನೆಟ್ಟಗೆ ಹಿಡಿದು, ಮರದ ಬುಡಕ್ಕೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿ ನೂಕಿದಳು. ಪೆಟ್ಟಿಗೆಯ ಒಂದು ಮೂಲೆ ಗೋಡೆಗೆ ಉಜ್ಜಿತು. ಇನ್ನೊಂದು ಮೂಲೆ ಬುಡಕ್ಕೆ ಒತ್ತಿಕೊಂಡು ಮಡಚಿತು. ಅದರಾಚೆಗೆ ಒಂದಿಂಚೂ ಹೋಗಲಿಲ್ಲ.

ಅವಳು ಟೇಪ್ ತೆಗೆದು ಅಳೆದಳು. ಸಂದಿಯ ಅಗಲ ನಲವತ್ತೊಂದು ಸೆಂಟಿಮೀಟರ್. ಪೆಟ್ಟಿಗೆಯ ಅಗಲ ಐವತ್ತೆಂಟು. ಅಜ್ಜಿಯ ವಾಕರ್‌ನ ಅಗಲವೂ ಐವತ್ತೆಂಟೇ. ನಿನ್ನೆ ಆಸ್ಪತ್ರೆಗೆ ಹೋದಾಗ ಅವಳೇ ಅದನ್ನು ಅಳೆದುಕೊಂಡು ಬಂದಿದ್ದಳು.

"ಹದಿನೇಳು ಸೆಂಟಿಮೀಟರ್ ಕಡಿಮೆ ಬೀಳುತ್ತೆ," ಎಂದಳು ಭೂಮಿಕಾ.

"ಆ ಕಡೆಯಿಂದ ಬರ್ಲಿ ಬಿಡೇ."

"ಆ ಕಡೆ ಸಂಪ್ ಇದೆ. ಅದರ ಕಟ್ಟೆ ಹತ್ತಿ ಇಳೀಬೇಕಾ ಅಜ್ಜಿ?"

ಇಬ್ಬರೂ ಬುಡವನ್ನೇ ನೋಡಿದರು. ಅದು ಗೇಟಿನಿಂದ ಮನೆಯ ಮೆಟ್ಟಿಲಿಗೆ ಹೋಗುವ ದಾರಿಯ ನಡುವೆ ಕೂತಿತ್ತು. ಮರವಿದ್ದಾಗ ಎಲ್ಲರೂ ಅದನ್ನು ಸುತ್ತಿಕೊಂಡು ಓಡಾಡುತ್ತಿದ್ದುದರಿಂದ ಯಾರಿಗೂ ಅದು ಅಡ್ಡ ಎನ್ನಿಸಿರಲಿಲ್ಲ. ಮೇ ತಿಂಗಳ ಗಾಳಿಮಳೆಗೆ ಆ ಹೊಂಗೆ ಮರ ಸೀಳಿ ಕರೆಂಟ್ ತಂತಿಯ ಮೇಲೆ ಒರಗಿತು. ಕರೆಂಟಿನವರು ಬಂದು ಮರವನ್ನು ಗರಗಸದಿಂದ ಕೊಯ್ದು ಕೊಂಬೆಗಳನ್ನು ಸಾಗಿಸಿದರು. ಬುಡವನ್ನು ಮಾತ್ರ ಅಲ್ಲೇ ಬಿಟ್ಟು ಹೋದರು.

ಗುಬ್ಬಿ ಬಳಿಯ ಕಡಬದಲ್ಲಿದ್ದ ಅಜ್ಜಿ ಶಕುಂತಲಮ್ಮನಿಗೆ ತುಮಕೂರಿನ ಆಸ್ಪತ್ರೆಯಲ್ಲಿ ಮಂಡಿಯ ಆಪರೇಷನ್ ಆಗಿತ್ತು. ಬರುವ ಭಾನುವಾರ ಡಿಸ್ಚಾರ್ಜ್. ಆಮೇಲೆ ಮೂರು ತಿಂಗಳು ಅವರು ಭೂಮಿಕಾಳ ಮನೆಯಲ್ಲೇ ಇರಬೇಕೆಂದು ಮಾತಾಗಿತ್ತು. ಭೂಮಿಕಾ ತನ್ನ ಕೋಣೆಯ ಮೇಜನ್ನು ಹೊರಗೆ ಸರಿಸಿ ಮಂಚಕ್ಕೆ ಜಾಗ ಕೂಡ ಮಾಡಿದ್ದಳು.

ಬುಡ ಅಡ್ಡವಾಗುತ್ತದೆಂದು ಅಪ್ಪ ಸೋಮಶೇಖರ್‌ಗೆ ಹೊಳೆದದ್ದೇ ನಿನ್ನೆ. "ಪರವಾಗಿಲ್ಲಮ್ಮ, ಕುರ್ಚಿ ಸಮೇತ ಇಬ್ಬರು ಎತ್ಕೊಂಡು ದಾಟಿಸ್ತೀವಿ," ಎಂದು ಅವರು ಹೇಳಿದ್ದೇ ತಡ, ಅಜ್ಜಿ ಹಾಸಿಗೆಯಲ್ಲೇ ಎದ್ದು ಕೂತಿದ್ದರು.

"ನಾನೇನು ಅಕ್ಕಿ ಮೂಟೆಯೇನ್ಲಾ? ನಡೆಯಾಕೆ ಅಂತ ತಾನೆ ಕಾಲು ಕೊಯ್ಸಿರೋದು? ನಡ್ಕಂಡೇ ಬತ್ತೀನಿ. ದಾರಿ ಇಲ್ದಿದ್ರೆ ಕುಣಿಗಲ್‌ಗೆ ಮಗಳ ಮನೀಗೆ ಹೋಯ್ತೀನಿ. ಅಲ್ಲಿ ನೆಲ ಮಟ್ಟಸವಾಗೈತೆ."

ಅಜ್ಜಿ ಒಮ್ಮೆ ಹಾಗೆಂದರೆ ಹಾಗೆಯೇ.

"ಜೆಸಿಬಿ ತರ್ಸಿ ಅಪ್ಪಾ," ಎಂದು ಭೂಮಿಕಾ ಇಂದು ಬೆಳಿಗ್ಗೆ ಕೇಳಿದ್ದಳು.

"ಜೆಸಿಬಿ ಒಳಗೆ ಬರ್ಬೇಕು ಅಂದ್ರೆ ಗೇಟ್ ಕೀಳ್ಬೇಕು, ಕಾಂಪೌಂಡ್ ಒಡೀಬೇಕು. ನಿನ್ನೆ ಸಂಜೆ ಕೊಡಲಿಯವನೊಬ್ಬ ನೋಡಿ, ಹೊಂಗೆ ಬುಡ ಸಾರ್, ನನ್ನ ಕೊಡಲಿ ಬಾಯಿ ಹೋಗುತ್ತೆ ಅಂತ ಹೊರಟೋದ. ಇನ್ನೊಬ್ಬ ಫೋನೇ ಎತ್ತಲ್ಲ. ನನಗೆ ಈ ವಾರ ಪೂರ್ತಿ ವಸಂತನರಸಾಪುರದ ಫ್ಯಾಕ್ಟರಿಲಿ ಮಧ್ಯಾಹ್ನದಿಂದ ಬೆಳಗಿನ ಜಾವದ ತನಕ ಡಬಲ್ ಶಿಫ್ಟು. ಬಿಡಮ್ಮ, ಅಜ್ಜಿ ಕುಣಿಗಲ್‌ಗೆ ಹೋಗ್ಲಿ."

"ಹಾಗಾದ್ರೆ ನಾನೇ ತೆಗೀತೀನಿ," ಎಂದಿದ್ದಳು ಭೂಮಿಕಾ.

ಅಪ್ಪ ನಕ್ಕಿದ್ದರು. ಅವಳು ನಕ್ಕಿರಲಿಲ್ಲ.

ಸೋಮವಾರ ಸಂಜೆ, ಪೆಟ್ಟಿಗೆಯ ಪ್ರಯೋಗ ಮುಗಿದ ಮೇಲೆ, ಅವಳು ಹೊಸ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ಬುಡದ ವಿವರ ಬರೆದಳು. ಸುತ್ತಳತೆ 207 ಸೆಂಟಿಮೀಟರ್. ಅಡ್ಡಗಲ 66. ನೆಲದಿಂದ ಎತ್ತರ 28. ಎರಡನೆಯ ಪುಟದಲ್ಲಿ ಬುಡವನ್ನು ಮೇಲಿನಿಂದ ನೋಡಿದಂತೆ ಚಿತ್ರ ಬರೆದಳು. ಮಣ್ಣಿನ ಮೇಲೆ ಕಾಣುವ ಬೇರುಗಳು ಐದು. ಅವುಗಳಿಗೆ ನಂಬರ್ ಕೊಟ್ಟಳು. ಮಲ್ಲಿಗೆ ಬಳ್ಳಿಯ ದಾರ ಕಟ್ಟಲು ಯಾವಾಗಲೋ ಹೊಡೆದ ಮೂರು ಮೊಳೆಗಳು ತೊಗಟೆಯೊಳಗೆ ಹೂತುಹೋಗಿದ್ದವು. ಅವುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿದಳು.

ಅಪ್ಪನ ಪೆಟ್ಟಿಗೆಯಲ್ಲಿ ಉಳಿ, ಸುತ್ತಿಗೆ ಇದ್ದವು. ಅಮ್ಮ ಒಂದು ಷರತ್ತು ಹಾಕಿದರು. "ಉಳಿ ಮುಟ್ಟೋದಾದ್ರೆ ನಾನು ಇಲ್ಲಿ ಮೆಟ್ಟಿಲ ಮೇಲೆ ಕೂತಿರ್ಬೇಕು. ಮತ್ತೆ ಕಣ್ಣಿಗೆ ಚಕ್ಕೆ ಹಾರದ ಹಾಗೆ ನೋಡ್ಕೋ."

ಭೂಮಿಕಾ ಅಪ್ಪನ ಬೈಕ್ ಹೆಲ್ಮೆಟ್ ಹಾಕಿಕೊಂಡು ಗಾಜು ಕೆಳಗಿಳಿಸಿದಳು. ಅಕ್ಷತಾ ಬಿದ್ದು ಬಿದ್ದು ನಕ್ಕಳು. "ಏನ್ಲೇ, ಬುಡದ ಮೇಲೆ ಕೂತು ಬೆಂಗಳೂರಿಗೆ ಹೋಗ್ತೀಯಾ?"

ಟಕ್, ಟಕ್, ಟಕ್. ಸೋಮವಾರ ಒಂದು ಗಂಟೆ, ಮಂಗಳವಾರ ಒಂದು ಗಂಟೆ, ಬುಧವಾರ ಒಂದು ಗಂಟೆ. ಉಳಿ ಒಂದೊಂದು ಏಟಿಗೂ ಜಾರಿತು. ಹೊಂಗೆಯ ತಿರುಳು ಕಲ್ಲಿನಂತಿತ್ತು. ಬಲಗೈಯಲ್ಲಿ ಎರಡು ಬೊಬ್ಬೆ ಎದ್ದವು. ಬುಧವಾರ ಸಂಜೆ ಅವಳು ಸ್ಕೇಲ್ ಇಟ್ಟು ನೋಡಿದಳು. ಅಂಗೈಯಗಲದ ಜಾಗದಲ್ಲಿ ಒಂದು ಸೆಂಟಿಮೀಟರ್ ಆಳ ಇಳಿದಿತ್ತು.

ಬುಡದ ಮೇಲೆ ಅಂಗೈ ಊರುತ್ತಾ ಎಣಿಸಿದಳು. ನಲವತ್ತೆರಡು ಅಂಗೈ. ಎತ್ತರ ಇಪ್ಪತ್ತೆಂಟು ಸೆಂಟಿಮೀಟರ್. ಒಂದು ಅಂಗೈಯಗಲ ಒಂದು ಸೆಂಟಿಮೀಟರ್ ಇಳಿಯಲು ಮೂರು ದಿನ. ನೋಟ್‌ಬುಕ್‌ನಲ್ಲಿ ಗುಣಿಸಿ, ವರ್ಷಕ್ಕೆ ತಿರುಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದಳು.

"ಎಷ್ಟು ಬಂತು?" ಎಂದಳು ಅಕ್ಷತಾ.

"ಒಂಬತ್ತು ವರ್ಷ ಎಂಟು ತಿಂಗಳು."

ಅಕ್ಷತಾ ಈ ಸಲ ನಗಲಿಲ್ಲ. "ಗೋಡೆ ಕಡೆ ಮಾತ್ರ ಕೆತ್ತಿದ್ರೆ? ಬೇಕಾಗಿರೋದು ಹದಿನೇಳು ಸೆಂಟಿಮೀಟರ್ ತಾನೇ?"

"ಆಗಲೂ ಎರಡು ವರ್ಷ ದಾಟುತ್ತೆ." ಭೂಮಿಕಾ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಜ್ಜಿಗೆ ಏನು ಹೇಳುವುದು? ಅವಳು ಅಮ್ಮನ ಫೋನಿನಲ್ಲಿ ಬುಡದ ಫೋಟೋ ತೆಗೆದು, ಆಸ್ಪತ್ರೆಯಲ್ಲಿ ಅಜ್ಜಿಯ ಜೊತೆಗಿದ್ದ ಕುಣಿಗಲ್ ಅತ್ತೆಯ ನಂಬರಿಗೆ ಕಳಿಸಿದಳು. "ಅಜ್ಜೀ, ಬುಡ ನಾನೇ ತೆಗೀತಾ ಇದೀನಿ. ತುಂಬಾ ಗಟ್ಟಿ ಇದೆ. ಏನ್ ಮಾಡ್ಲಿ?" ಎಂದು ಕೇಳಿ ವಾಯ್ಸ್ ಮೆಸೇಜ್ ಕೂಡ ಹಾಕಿದಳು.

ಹತ್ತು ನಿಮಿಷಕ್ಕೆ ಉತ್ತರ ಬಂತು. ಆಸ್ಪತ್ರೆಯ ಗದ್ದಲ. ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. ಗಾಲಿಯ ಮಂಚವೊಂದು ಗಡಗಡ ಎಂದು ಹಾದುಹೋಯಿತು. ಆ ಗಡಗಡದ ನಡುವೆ ಅಜ್ಜಿಯ ಗಂಟಲು. "ಭೂಮೀ... ಬುಡ ಬುಡ್‌ಬ್ಯಾಡ ಕಣವ್ವಾ..." ಮತ್ತೆ ಗಡಗಡ. "ನಿಮ್ ತಾತ... ಕೆಳಗೆ..." ಅಷ್ಟಕ್ಕೆ ಮೆಸೇಜ್ ಮುಗಿಯಿತು.

"ಬುಡ್‌ಬ್ಯಾಡ ಅಂದ್ರೆ?" ಅಕ್ಷತಾ ಕೇಳಿದಳು.

"ಬಿಡಬೇಡ ಅಂತ. ಕಡಬದಲ್ಲಿ ಬಿಡು ಅನ್ನಲ್ಲ, ಬುಡು ಅಂತಾರೆ." ಭೂಮಿಕಾಳ ಮುಖ ಅರಳಿತು. "ಬುಡ ಬಿಡಬೇಡ ಅಂತ ಹೇಳ್ತಿದಾರೆ ಕಣೇ ಅಜ್ಜಿ!"

ಅವಳು ಹೆಲ್ಮೆಟನ್ನು ಮತ್ತೆ ತಲೆಗೆ ಹಾಕಿಕೊಂಡಳು.

ಗುರುವಾರ ಸ್ಕೂಲಿನಲ್ಲಿ ಇಡೀ ದಿನ ಅವಳು ಯೋಚಿಸಿದ್ದು ಒಂದೇ. ಮೇಲಿನಿಂದ ಕೆತ್ತಿದರೆ ಆಗದು. ಬುಡ ನಿಂತಿರುವುದು ಬೇರಿನ ಮೇಲೆ. ಬೇರನ್ನು ಕತ್ತರಿಸಿದರೆ ಬುಡವೇ ಅಲುಗಾಡುತ್ತದೆ. ಗೋಡೆಯ ಕಡೆಗೆ ಹೋಗಿರುವುದು ಮೂರನೇ ನಂಬರಿನ ಬೇರು. ಅದರಿಂದಲೇ ಶುರು ಮಾಡಬೇಕು.

ಮನೆಗೆ ಬಂದಾಗ ಅಮ್ಮ ಅಜ್ಜಿಗೆ ಬೇಕಾದ ಸಾಮಾನು ತರಲು ಶಿರಾ ಗೇಟ್ ಬಳಿಯ ಅಂಗಡಿಗೆ ಹೋಗಿದ್ದರು. ಭೂಮಿಕಾ ಹಿತ್ತಲಿನಿಂದ ಹಾರೆಯನ್ನು ಎಳೆದು ತಂದಳು. ಅದು ಅವಳಿಗಿಂತ ಒಂದು ಗೇಣು ಎತ್ತರವಿತ್ತು.

"ನಿಮ್ಮಮ್ಮ ಬರ್ಲಿ ಕಣೇ," ಎಂದಳು ಅಕ್ಷತಾ.

"ಅಮ್ಮ ಇರ್ಬೇಕು ಅಂದಿದ್ದು ಉಳಿಗೆ. ಹಾರೆ ಬಗ್ಗೆ ಏನೂ ಹೇಳಿಲ್ಲ."

"ಅದೂ ಇದೂ ಒಂದೇ ಅಲ್ವಾ?"

"ಒಂದೇ ಅಲ್ಲ. ಇದು ಉದ್ದ ಇದೆ."

ಮೊನ್ನೆಯ ಮಳೆಗೆ ಮಣ್ಣು ಮೆತ್ತಗಿತ್ತು. ಅರ್ಧ ಗಂಟೆಯಲ್ಲಿ ಗೋಡೆಯ ಬದಿಗೆ ಮೊಣಕೈ ಆಳದ ಗುಂಡಿಯಾಯಿತು. ಅವಳ ತೋಳಿನಷ್ಟು ದಪ್ಪದ ಬೇರು ಕಾಣಿಸಿತು. ಭೂಮಿಕಾ ಎರಡೂ ಕೈಯಲ್ಲಿ ಹಾರೆ ಎತ್ತಿ, ಉಸಿರು ಬಿಗಿಹಿಡಿದು, ಬೇರಿಗೆ ಗುರಿಯಿಟ್ಟು ಬಿಟ್ಟಳು. ಒಂದು, ಎರಡು, ಮೂರು, ನಾಲ್ಕು. ಐದನೆಯ ಏಟು ಬೇರಿನ ಪಕ್ಕ ಕೆಸರಿನೊಳಗೆ ಇಳಿಯಿತು.

ಟಕ್ಕೆಂದು ಏನೋ ಮುರಿದ ಸದ್ದು.

"ಮುರೀತು! ಬೇರು ಮುರೀತು!" ಅವಳು ಕುಣಿದಳು.

ಗುಂಡಿಯೊಳಗೆ ಕತ್ತಲೆ, ಕೆಸರು. ಏನೂ ಸರಿಯಾಗಿ ಕಾಣಲಿಲ್ಲ. ಮಳೆನೀರು ತುಂಬದಿರಲೆಂದು ಅವಳು ಗುಂಡಿಯ ಮೇಲೆ ಗೋಣಿಚೀಲ ಹಾಸಿ, ನೋಟ್‌ಬುಕ್‌ನಲ್ಲಿ ಬರೆದಳು. ಗುರುವಾರ, ಸಂಜೆ 5.20. ಬೇರು ನಂಬರ್ 3 ಮುರಿಯಿತು.

ಶುಕ್ರವಾರ ಬೆಳಿಗ್ಗೆ ಭೂಮಿಕಾ ಮೆಟ್ಟಿಲ ಮೇಲೆ ನಿಂತು ಹಲ್ಲುಜ್ಜುತ್ತಿದ್ದಳು. ಒಳಗೆ ಅಮ್ಮ ಸಂಪಿನ ಮೋಟರ್ ಹಾಕಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಗೋಣಿಚೀಲದ ನಡು ಉಬ್ಬತೊಡಗಿತು.

ಅವಳು ಬ್ರಷ್ ಬಾಯಲ್ಲಿಟ್ಟುಕೊಂಡೇ ನೋಡಿದಳು. ಚೀಲ ಇನ್ನಷ್ಟು ಉಬ್ಬಿತು. ಆಮೇಲೆ ಪಕ್ಕಕ್ಕೆ ಮಗುಚಿತು. ಗುಂಡಿಯಿಂದ ನೀರು ಬುಗ್ಗೆಯಂತೆ ಎದ್ದು ಗೋಡೆಗೆ ಚಿಮ್ಮಿತು.

"ಅಮ್ಮಾ! ನೀರು!" ಅವಳು ಅತ್ತ ಓಡಿದಳು.

"ನಿಲ್ಲು ಭೂಮಿ!" ಅಪ್ಪನ ಕೂಗು ಬೀದಿಗೆಲ್ಲ ಕೇಳುವಷ್ಟು ಜೋರಾಗಿತ್ತು. "ಅಲ್ಲೇ ನಿಲ್ಲು! ನೀರು ತುಳೀಬೇಡ! ಮೋಟರ್ ವೈರು ಅಲ್ಲೇ ಎಲ್ಲೋ ಇರ್ಬೇಕು!"

ಭೂಮಿಕಾ ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕಿಟ್ಟಳು. ಅಪ್ಪ ಒಳಗೆ ಓಡಿ ಇಡೀ ಮನೆಯ ಮೇನ್ ಸ್ವಿಚ್ ಕೆಳಗೆ ಎಳೆದರು. ಮೋಟರ್ ನಿಂತಿತು, ಫ್ಯಾನ್ ನಿಂತಿತು, ಫ್ರಿಜ್ಜಿನ ಗುನುಗೂ ನಿಂತಿತು. ಬುಗ್ಗೆ ಕುಗ್ಗಿ ಗುಂಡಿಯೊಳಗೆ ಕೂತಿತು.

ಭೂಮಿಕಾ ತಾನಾಗಿಯೇ ಹೇಳಿದಳು. "ನಿನ್ನೆ ನಾನು ಹಾರೆಯಲ್ಲಿ ಬೇರು ಮುರಿದೆ. ಅದು ಬೇರಲ್ಲ ಅನ್ಸುತ್ತೆ."

ಅಮ್ಮ ಮಗಳ ಮುಖ ನೋಡಿ, ಪ್ಲಂಬರ್‌ಗೆ ಫೋನ್ ಮಾಡಿದರು.

ಪ್ಲಂಬರ್ ರಾಮಾಂಜಿನಯ್ಯ ಏಳೂವರೆಗೆ ಬಂದರು. ಮೊದಲು ಮೇನ್ ಸ್ವಿಚ್ಚನ್ನು ತಾವೇ ಹೋಗಿ ನೋಡಿದರು. ಆಮೇಲೆ ಗುಂಡಿಯ ನೀರನ್ನು ಮಗ್ಗಿನಲ್ಲಿ ಮೊಗೆದು ಹಾಕಿ, ಕೈಯಿಂದಲೇ ಕೆಸರು ಬಳಿದರು. ಟ್ಯಾಂಕಿಗೆ ನೀರು ಹೋಗುವ ಪೈಪು ಬೇರಿನ ಪಕ್ಕದಲ್ಲೇ ಹೋಗಿತ್ತು. ಅದರಲ್ಲಿ ಹಾರೆಯ ಮೊನೆಯಷ್ಟು ದೊಡ್ಡ ತೂತು. ಪೈಪಿಗೆ ಒತ್ತಿಕೊಂಡಂತೆ ಕಪ್ಪಗಿನ ವೈರು.

"ಹಾರೆ ನಾಕು ಬೆರಳು ಈ ಕಡೆಗೆ ಬಿದ್ದಿದ್ರೆ..." ಎಂದು ರಾಮಾಂಜಿನಯ್ಯ ಶುರು ಮಾಡಿ, ಭೂಮಿಕಾ ಅಲ್ಲೇ ನಿಂತಿರುವುದನ್ನು ಕಂಡು ಮಾತು ಬದಲಿಸಿದರು. "ಪೈಪಿಗೇನು, ಅರ್ಧ ಗಂಟೆ ಕೆಲಸ."

"ಅಜ್ಜಿನೇ ಹೇಳಿದ್ರು, ಬುಡ ಬಿಡಬೇಡ ಅಂತ," ಎಂದಳು ಭೂಮಿಕಾ. ಅಮ್ಮನ ಫೋನ್ ತಂದು ಅಪ್ಪನಿಗೆ ಕೊಟ್ಟಳು.

ಅಪ್ಪ ಮೆಸೇಜ್ ಹಾಕಿಸಿ ಕೇಳಿದರು. ಇನ್ನೊಮ್ಮೆ ಫೋನನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳಿದರು.

"ಅಜ್ಜಿ ಹೇಳಿರೋದು ಒಂದೇ ಮಾತಲ್ಲ ಕಣಮ್ಮ, ಮೂರು ಮಾತು. ನೀನೇ ಕೇಳು. ಬುಡ. ಬುಡು. ಬ್ಯಾಡ. ಬುಡದ ಸಹವಾಸ ಬಿಡು, ಬೇಡ ಅಂತ. ತಾತ ಕೆಳಗೆ ಪೈಪ್ ಹಾಕ್ಸಿದಾರೆ ಅಂತ ಹೇಳೋಕೆ ಹೊರಟಿದಾರೆ. ಮನೆ ಕಟ್ಟಿದಾಗ ನಾನು ಹಾಸ್ಟೆಲ್‌ನಲ್ಲಿದ್ದೆ, ಆ ಪೈಪು ಎಲ್ಲಿ ಹೋಗಿದೆ ಅಂತ ನನಗೂ ಸರಿಯಾಗಿ ಗೊತ್ತಿರ್ಲಿಲ್ಲ."

ಭೂಮಿಕಾ ಕೇಳಿದಳು. ಗಡಗಡದ ಸದ್ದನ್ನು ಬದಿಗಿಟ್ಟು ಕೇಳಿದರೆ ಮಾತುಗಳ ನಡುವೆ ಸಣ್ಣ ಸಣ್ಣ ಬಿಡುವು ಇತ್ತು. ಮೊನ್ನೆಯೂ ಅದು ಇತ್ತು. ತನಗೆ ಬೇಕಾದದ್ದು ಕೇಳಿಸಿದೊಡನೆ ಅವಳು ಮತ್ತೊಮ್ಮೆ ಕೇಳುವ ಗೋಜಿಗೆ ಹೋಗಿರಲಿಲ್ಲ, ಅಷ್ಟೇ.

"ಸರಿ ಬಿಡು, ನಿಮ್ಮ ಅತ್ತೆಗೆ ಫೋನ್ ಮಾಡ್ತೀನಿ, ಅಜ್ಜಿ ಕುಣಿಗಲ್‌ಗೇ ಹೋಗ್ಲಿ," ಎಂದರು ಅಪ್ಪ.

"ಈ ಬುಡ ತೆಗೆಯೋರು ಯಾರೂ ಇಲ್ವಾ ಅಂಕಲ್?" ಭೂಮಿಕಾ ರಾಮಾಂಜಿನಯ್ಯನವರ ಎದುರಿಗೆ ಹೋಗಿ ನಿಂತಳು. "ಅದೇ ಕೆಲಸ ಮಾಡೋರು? ಕೊಡಲಿಯವರಲ್ಲ."

ಪೈಪಿಗೆ ಅಂಟು ಹಚ್ಚುತ್ತಿದ್ದ ರಾಮಾಂಜಿನಯ್ಯ ತಲೆಯೆತ್ತಿದರು. "ಗುಬ್ಬೀಲಿ ಕೋಮಲಾ ಅಂತ ಒಬ್ರವ್ರೆ. ಬುಡ ಅರೆಯೋ ಮೆಷಿನ್ ಇಟ್ಕೊಂಡವ್ರೆ. ತೋಟದ ಬೊಡ್ಡೆ, ಸೈಟಿನ ಬೊಡ್ಡೆ ಎಲ್ಲಾ ತೆಗೀತಾರೆ. ಆದ್ರೆ ಬಿಡುವಿರಲ್ಲ ಅವ್ರಿಗೆ."

"ನಂಬರ್ ಕೊಡಿ ಅಂಕಲ್."

ಫೋನ್ ಹತ್ತನೆಯ ಸಲ ರಿಂಗ್ ಆದಾಗ ಒಬ್ಬ ಹೆಂಗಸು ಎತ್ತಿದರು. ಹಿಂದೆ ಯಾವುದೋ ಯಂತ್ರ ಗರ್ರೆನ್ನುತ್ತಿತ್ತು.

"ಹಲೋ, ಕೋಮಲಾ ಅಕ್ಕನಾ? ನಾನು ತುಮಕೂರಿನಿಂದ ಭೂಮಿಕಾ. ನಮ್ಮನೆ ಮುಂದೆ ಒಂದು ಬುಡ ಇದೆ. ಭಾನುವಾರದೊಳಗೆ ತೆಗೀಬೇಕು."

"ಮುಂದಿನ ಬುಧವಾರ ಆಯ್ತದೆ ಕಣಮ್ಮ. ಈಗ ಕಡಬದ ತೋಟದಲ್ಲಿದೀನಿ. ಮೊದ್ಲು ಬಂದು ನೋಡ್ಬೇಕು, ಆಮೇಲೆ ಇನ್ನೊಂದಿನ ಬಂದು ಕೆಲಸ. ನೋಡ್ದೆ ನಾನು ಮೆಷಿನ್ ಇಳ್ಸಲ್ಲ."

"ಏನು ನೋಡ್ತೀರಾ ಅಕ್ಕಾ?"

"ಏನು ನೋಡ್ತೀನಾ? ಯಾವ ಮರ, ಎಷ್ಟು ಅಗಲ, ಗೇಟಿನಾಗೆ ಮೆಷಿನ್ ಹಿಡೀತದಾ, ಬುಡದಾಗೆ ಮೊಳೆ ಐತಾ, ಕೆಳಗೆ ಪೈಪು ವೈರು ಐತಾ."

ಭೂಮಿಕಾ ನೋಟ್‌ಬುಕ್ ತೆರೆದಳು. "ಹೊಂಗೆ ಮರ. ಅಡ್ಡಗಲ ಅರವತ್ತಾರು ಸೆಂಟಿಮೀಟರ್, ಎತ್ತರ ಇಪ್ಪತ್ತೆಂಟು. ಗೇಟು ತೊಂಬತ್ತಾರು. ಮೊಳೆ ಮೂರು, ಮೂರೂ ಸಂಪಿನ ಕಡೆಗೆ, ನೆಲದಿಂದ ಹತ್ತು, ಹನ್ನೆರಡು, ಇಪ್ಪತ್ತು ಸೆಂಟಿಮೀಟರ್ ಮೇಲೆ. ಗೋಡೆ ಕಡೆಗೆ ಪೈಪ್ ಇದೆ, ವೈರೂ ಇದೆ, ಮೊಣಕೈ ಆಳದಲ್ಲಿ. ಪೈಪ್ ನಿನ್ನೆ ಒಡೆದಿತ್ತು, ಈಗ ರಿಪೇರಿ ಆಗ್ತಿದೆ."

ಆ ಕಡೆ ಯಂತ್ರದ ಸದ್ದು ನಿಂತಿತು.

"ಯಾರು, ಇಂಜಿನಿಯರಾ ಮಾತಾಡ್ತಿರೋದು?"

"ಅಲ್ಲ ಅಕ್ಕಾ. ಐದನೇ ಕ್ಲಾಸು."

ಕೋಮಲಾ ನಕ್ಕರು. "ನೋಡೋ ಕೆಲಸ ನೀನೇ ಮುಗ್ಸಿದೀಯ. ಒಂದು ದಿನ ಉಳೀತು ನಂಗೆ. ನಾಳೆ ಬೆಳಿಗ್ಗೆ ಏಳಕ್ಕೆ ಬತ್ತೀನಿ. ನಿಮ್ಮಪ್ಪಂಗೆ ಫೋನ್ ಕೊಡು, ಕೂಲಿ ಮಾತಾಡ್ಬೇಕು. ಹಾಂ, ಅಷ್ಟರೊಳಗೆ ಆ ಹಾರೆ ಎಲ್ಲಿತ್ತೋ ಅಲ್ಲಿಟ್ಬುಡು."

"ಹಾರೆ ವಿಷಯ ನಾನು ಹೇಳೇ ಇಲ್ವಲ್ಲ!"

"ಪೈಪ್ ಒಡೆದಿತ್ತು ಅಂದ್ಯಲ್ಲ. ತಾನಾಗೇ ಒಡೀತದಾ?"

ಎರಡನೇ ಶನಿವಾರವಾದ್ದರಿಂದ ಸ್ಕೂಲಿರಲಿಲ್ಲ. ಏಳಕ್ಕೆ ಐದು ನಿಮಿಷವಿರುವಾಗ ಲಗೇಜ್ ಗಾಡಿಯೊಂದು ಗೇಟಿನ ಮುಂದೆ ನಿಂತಿತು. ಕೋಮಲಾ ಚೂಡಿದಾರದ ಮೇಲೆ ದಪ್ಪ ಜಾಕೆಟ್ ಹಾಕಿದ್ದರು, ಕಾಲಿಗೆ ಬೂಟು. ಜೊತೆಗೆ ಬಂದ ಉದಯಕುಮಾರ್ ಹಲಗೆ ಇಳಿಬಿಟ್ಟು ಮೆಷಿನ್ ಇಳಿಸಿದ. ಅದರ ಮುಂದೆ ತಟ್ಟೆಯಗಲದ ಕಬ್ಬಿಣದ ಚಕ್ರವಿತ್ತು. ಚಕ್ರದ ಅಂಚಿನ ಸುತ್ತಲೂ ಹಲ್ಲುಗಳು.

ಮೆಷಿನ್ ಬಂದೊಡನೆ ಕೆಲಸ ಶುರುವಾಗುತ್ತದೆಂದು ಭೂಮಿಕಾ ಎಣಿಸಿದ್ದಳು. ಹಾಗಾಗಲಿಲ್ಲ. ಕೋಮಲಾ ಬುಡದ ಸುತ್ತ ಎರಡು ಸಲ ನಡೆದರು. ಮೇನ್ ಸ್ವಿಚ್ ಆಫ್ ಮಾಡಿಸಿದರು. ಸಣ್ಣ ಕರಣೆಯಿಂದ ಮಣ್ಣು ಕೆರೆದು, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆಯೋ ಅಷ್ಟುದ್ದವೂ ಬಿಡಿಸಿ ನೋಡಿ, ಅದರ ಮೇಲೆ ಸುಣ್ಣದ ಗೆರೆ ಎಳೆದರು. ನೋಟ್‌ಬುಕ್ ನೋಡಿ ಮೂರು ಮೊಳೆಗಳನ್ನು ಇಕ್ಕಳದಿಂದ ಕಿತ್ತರು. ಬುಡಕ್ಕೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಕಿವಿಗೊಟ್ಟರು. ಒಂದೆಡೆ ಸದ್ದು ಬೇರೆಯಾಗಿತ್ತು. ತೊಗಟೆ ಕಿತ್ತು ನೋಡಿದರೆ ಬೇರು ನುಂಗಿದ್ದ ಜಲ್ಲಿ ಕಲ್ಲು.

"ಇದು ನನ್ನ ಪಟ್ಟಿಯಲ್ಲಿ ಇರ್ಲಿಲ್ಲ," ಎಂದಳು ಭೂಮಿಕಾ.

"ಅದ್ಕೇ ತಟ್ಟಿ ನೋಡೋದು. ಚಕ್ರಕ್ಕೆ ಸಿಕ್ಕಿದ್ರೆ ಈ ಕಲ್ಲು ಗುಂಡಿನ ಹಂಗೆ ಹಾರ್ತದೆ. ನಿಮ್ಮ ಕಿಟಕಿ ಗಾಜು, ಇಲ್ಲಾ ನಿನ್ನ ಹಲ್ಲು."

ಉದಯಕುಮಾರ್ ಆ ಕಲ್ಲನ್ನು ಕಿತ್ತೆಸೆದು ಕಿಟಕಿಗಳಿಗೆ ಟಾರ್ಪಾಲ್ ಕಟ್ಟಿದ. ಎಲ್ಲರನ್ನೂ ಅಕ್ಷತಾಳ ಮನೆಯ ಮಹಡಿಗೆ ಕಳಿಸಿದ. "ಅಲ್ಲಿಂದ್ಲೇ ನೋಡ್ಬೇಕು ಮೇಡಮ್," ಎಂದು ಭೂಮಿಕಾಳಿಗೆ ಕೈಮುಗಿದ. "ಇಳಿದು ಬಂದ್ರೆ ಅಕ್ಕ ನನ್ನ ಅರೀತಾರೆ."

ಕೋಮಲಾ ಮುಖಕ್ಕೆ ಗಾಜಿನ ಮರೆ ಇಳಿಸಿಕೊಂಡರು. ಮೆಷಿನ್ ಗರ್ಜಿಸಿತು. ಹಲ್ಲಿನ ಚಕ್ರ ಬುಡದ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನವಾಗಿ ತೂಗಾಡಿತು. ಒಂದೊಂದು ಸಲಕ್ಕೂ ಬೆರಳುದಪ್ಪ. ಹಳದಿ ಹೊಟ್ಟು ರಾಶಿ ರಾಶಿಯಾಗಿ ಬಿತ್ತು. ಭೂಮಿಕಾ ಗಡಿಯಾರ ನೋಡುತ್ತಿದ್ದಳು. ಅವಳು ಮೂರು ದಿನ ಕೆತ್ತಿದ್ದ ಜಾಗ ಒಂದು ಉಸಿರಿನಲ್ಲಿ ಮಾಯವಾಯಿತು. ಅವಳಿಗೆ ಕಣ್ಣು ಕೀಳಲಾಗಲಿಲ್ಲ.

ಇಪ್ಪತ್ತೈದು ನಿಮಿಷಕ್ಕೆ ಬುಡ ನೆಲದ ಮಟ್ಟಕ್ಕಿಳಿಯಿತು. ಮೂವತ್ತೈದು ನಿಮಿಷಕ್ಕೆ ನೆಲದಿಂದ ಒಂದು ಗೇಣು ಕೆಳಗೆ ಹೋಯಿತು. ಸುಣ್ಣದ ಗೆರೆಗೆ ಒಂದು ಗೇಣು ದೂರದಲ್ಲಿ ಕೋಮಲಾ ಮೆಷಿನ್ ನಿಲ್ಲಿಸಿ ಹಿಂದಕ್ಕೆ ತಳ್ಳಿಸಿದರು. ಮಂಡಿಯೂರಿ ಕೂತು, ಜಾಕೆಟ್ಟಿನ ಜೇಬಿನಿಂದ ಉಳಿಯೊಂದನ್ನು ತೆಗೆದರು.

ಮೆಷಿನ್ ನಿಂತದ್ದೇ ಭೂಮಿಕಾ ಉದಯಕುಮಾರ್‌ನನ್ನು ಕೇಳಿಕೊಂಡು ಇಳಿದು ಬಂದಳು. "ಅಕ್ಕಾ, ನೀವೂ ಉಳಿ ಹಿಡೀತೀರಾ?"

"ಇಲ್ಲಿ ಮೆಷಿನ್ ಹೋಗಂಗಿಲ್ಲ ಕಣವ್ವ. ಅದಕ್ಕೆ ಪೈಪ್ ಯಾವ್ದು ಬೇರು ಯಾವ್ದು ಅಂತ ಗೊತ್ತಾಗಲ್ಲ." ಕೋಮಲಾ ಮೂರನೇ ನಂಬರಿನ ಬೇರನ್ನು ಪೈಪಿನ ಪಕ್ಕದಲ್ಲಿ ಚೂರು ಚೂರಾಗಿ ಬಿಡಿಸಿದರು. ಉಳಿಯ ಬಾಯಿ ಯಾವಾಗಲೂ ಪೈಪಿಗೆ ಬೆನ್ನು ತಿರುಗಿಸಿಯೇ ಇತ್ತು. ಅದಕ್ಕೇ ಹದಿನೈದು ನಿಮಿಷ ಹಿಡಿಯಿತು. ಅವರು ಒಮ್ಮೆಯೂ ಅವಸರ ಮಾಡಲಿಲ್ಲ. ಭೂಮಿಕಾ ಟಾರ್ಚ್ ಹಿಡಿದಿದ್ದಳು.

"ಗುಂಡಿಗೆ ಈ ಹೊಟ್ಟನ್ನೇ ತುಂಬಿಬಿಡಿ," ಎಂದರು ಅಪ್ಪ.

"ಬ್ಯಾಡ ಸಾರ್. ಕೊಳೆತು ಕುಸೀತದೆ. ಅಜ್ಜಿ ವಾಕರ್ ಕಾಲು ಹೂತ್ಕೊಂಡ್ರೆ ಏನ್ ಮಾಡ್ತೀರಿ?" ಕೋಮಲಾ ಹೊಟ್ಟನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಸಿದರು. ಪೈಪಿನ ಸುತ್ತ ಮೆತ್ತಗೆ ಮರಳು ಹಾಕಿದರು. ಆಮೇಲೆ ಉಳಿದ ಗುಂಡಿಗೆ ಜಲ್ಲಿಪುಡಿ ಸುರಿಸಿ, ನೀರು ಚಿಮುಕಿಸಿ, ಪದರ ಪದರವಾಗಿ ದಮ್ಮಸ್ ಹೊಡೆಸಿ ಗಟ್ಟಿ ಮಾಡಿಸಿದರು. ಹತ್ತೂವರೆಗೆ ಲಗೇಜ್ ಗಾಡಿ ಹೊರಟಿತು. ಗೇಟಿನಿಂದ ಮೆಟ್ಟಿಲವರೆಗೆ ಬರೀ ನೆಲ. ಅಷ್ಟು ಜಾಗ ಇತ್ತೆಂದೇ ಗೊತ್ತಿರಲಿಲ್ಲ ಎಂದರು ಅಮ್ಮ.

ಭಾನುವಾರ ಹನ್ನೊಂದು ಗಂಟೆಗೆ ಕಾರು ಬಂತು. ಅಜ್ಜಿ ಇಳಿದರು. ಅಪ್ಪ ಕೈ ಚಾಚಿದರು. ಅಜ್ಜಿ ಆ ಕೈಯನ್ನು ಕಣ್ಣಿನಲ್ಲೇ ಹಿಂದಕ್ಕೆ ಕಳಿಸಿ ವಾಕರ್ ಹಿಡಿದರು.

ವಾಕರ್ ಮುಂದೆ, ನೋಯುವ ಕಾಲು, ಇನ್ನೊಂದು ಕಾಲು. ವಾಕರ್ ಮುಂದೆ, ನೋಯುವ ಕಾಲು, ಇನ್ನೊಂದು ಕಾಲು. ಭೂಮಿಕಾ ಪಕ್ಕದಲ್ಲಿ ಹಿಮ್ಮುಖವಾಗಿ ನಡೆದಳು. ಅವಳ ಕೈಗಳು ಎರಡು ಸಲ ತಾವಾಗಿಯೇ ಮುಂದೆ ಹೋದವು. ಎರಡು ಸಲವೂ ಅವಳು ಅವನ್ನು ಹಿಂದಕ್ಕೆ ಎಳೆದುಕೊಂಡಳು.

ನಡುದಾರಿಯಲ್ಲಿ ಅಜ್ಜಿ ನಿಂತರು. "ಎಲ್ಲಿತ್ತವ್ವ ಅದು?"

"ನೀನು ನಿಂತಿರೋ ಜಾಗದಲ್ಲೇ ಅಜ್ಜಿ."

"ಯಾರು ತೆಗೆದದ್ದು?"

"ಗುಬ್ಬಿಯ ಕೋಮಲಕ್ಕ. ನಾನು ಅಳತೆ ತಗೊಂಡೆ. ಪೈಪ್ ಒಡೆದೆ."

ಹಿಂದೆ ಬರುತ್ತಿದ್ದ ಅಪ್ಪ ಕೆಮ್ಮಿದರು. ಅಜ್ಜಿಯ ತುಟಿಯಂಚು ಸ್ವಲ್ಪ ಮೇಲೇರಿತು. "ನಿಮ್ ತಾತನೂ ಆ ಪೈಪು ಹಾಕ್ಸಬೇಕಾರೆ ಒಂದ್ಸಲ ಒಡ್ದಿದ್ರು," ಎಂದು ಹೇಳಿ ಮತ್ತೆ ವಾಕರ್ ಎತ್ತಿದರು.

ಮೆಟ್ಟಿಲ ಬಳಿ ಬಂದಾಗ ಅಜ್ಜಿ ಮತ್ತೆ ನಿಂತರು. ಮೂರು ಮೆಟ್ಟಿಲು. ಅವುಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಅಜ್ಜಿ ಇಲ್ಲೂ ಹಟ ಹಿಡಿಯುತ್ತಾರೆಂದು ಭೂಮಿಕಾ ಎಣಿಸಿದಳು.

"ಇದು ನನ್ ಕೈಲಾಗಾಕಿಲ್ಲ," ಎಂದರು ಅಜ್ಜಿ, ಕುಡಿಯಲು ನೀರು ಕೇಳಿದಷ್ಟೇ ಸಲೀಸಾಗಿ. "ಸೋಮಾ, ನೀನು ಆ ಕಡೆ ಹಿಡ್ಕ. ಭೂಮೀ, ನೀನು ಈ ಕಡೆ ಬಾ."

ಭೂಮಿಕಾ ಒಂದು ಕ್ಷಣ ಅಜ್ಜಿಯ ಮುಖವನ್ನೇ ನೋಡಿದಳು. ಅಲ್ಲಿ ಸೋತವರ ಗುರುತೇ ಇರಲಿಲ್ಲ. ಆಮೇಲೆ ಹತ್ತಿರ ಹೋಗಿ ತನ್ನ ಹೆಗಲನ್ನು ಅಜ್ಜಿಯ ಕೈಕೆಳಗೆ ಕೊಟ್ಟಳು.

"ಯಾವ ಕಾಲು ಮೊದಲು ಅಜ್ಜಿ?"

"ಒಳ್ಳೇ ಕಾಲು ಮೊದ್ಲು ಅಂತ ಹೇಳವ್ರೆ ಡಾಕ್ಟ್ರು."

ಭೂಮಿಕಾ ಎಳೆಯಲಿಲ್ಲ, ಎತ್ತಲಿಲ್ಲ. ಅಜ್ಜಿಯ ಬಲಗಾಲು ಮೊದಲ ಮೆಟ್ಟಿಲ ಮೇಲೆ ಗಟ್ಟಿಯಾಗಿ ಊರುವವರೆಗೂ ಅಲುಗಾಡದೆ ನಿಂತಳು.